ಆಟಿಯಲ್ಲಿ ತೆಗೆದ ಫೋಟೋ

ಕರಪತ್ರದ ಎರಡನೇ ಪುಟ, ಬಲಗಡೆಯ ಮೂರನೇ ಫೋಟೋ. ಅದರ ಕೆಳಗಿನ ವಾಕ್ಯ ನನ್ನದು: "ಸದ್ಯ ಯಾವುದೇ ಬಳಕೆಯಲ್ಲಿಲ್ಲದ ತೆರೆದ ಮರಳು ಜಾಗ." ಬರೆದ ದಿನ ಆ ವಾಕ್ಯ ನನಗೆ ತುಂಬ ಹಿಡಿಸಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಬಾಯಿ ಬಾರದು.

ಮಣಿಪಾಲದ ಗುಡ್ಡದ ಮೇಲಿನ ಒಂದು ಯೋಜನಾ ಘಟಕದಲ್ಲಿ ನಾನು ಗುತ್ತಿಗೆಯ ಮಾಹಿತಿ ಸಹಾಯಕಿ. ಘಟಕದ ಹೆಸರು ಬೇಡ, ಇಲ್ಲಿ ಹೇಳುವ ತಪ್ಪು ಅದಕ್ಕಿಂತ ಹೆಚ್ಚು ನನ್ನದು. ಸರ್ಕಾರ ಏನು ಮಾಡಲು ಹೊರಟಿದೆ ಎಂಬುದನ್ನು ಜನರಿಗೆ ಅರ್ಥವಾಗುವಂತೆ ಬರೆಯುವುದು, ಸಭೆ ಕರೆಯುವುದು, ಜನ ಹೇಳಿದ್ದನ್ನು ದಾಖಲಿಸಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಆ ವರ್ಷ ನಮ್ಮ ಕೈಗೆ ಬಂದದ್ದು ಕಾಪುವಿನ ಕಡೆಯ ಒಂದು ಕಡಲತೀರದ ಅಭಿವೃದ್ಧಿ ಯೋಜನೆ. ಪ್ರವಾಸಿಗರಿಗೆ ನೆರಳು, ಶೌಚಾಲಯ, ತಿಂಡಿ ಅಂಗಡಿಗಳ ಸಾಲು, ವಾಹನ ನಿಲ್ಲಿಸಲು ಸಿಮೆಂಟು ಹಾಸಿದ ಅಂಗಳ.

ಹೊರಗಿನ ಒಂದು ಸಮೀಕ್ಷಾ ತಂಡ ಜಾಗದ ಪಟ್ಟಿ ಕೊಟ್ಟಿತ್ತು. ಸರ್ವೆ ಸಂಖ್ಯೆ, ವಿಸ್ತೀರ್ಣ, ಈಗಿನ ಬಳಕೆ, ಫೋಟೋ, ಹೀಗೆ ನಾಲ್ಕು ಕಾಲಂ. ವಾಹನ ನಿಲುಗಡೆಗೆ ಗುರುತಿಸಿದ ಜಾಗದ ಎದುರು, ಬಳಕೆಯ ಕಾಲಂನಲ್ಲಿ "ಖಾಲಿ" ಎಂದಿತ್ತು. ಫೋಟೋ ತೆರೆದು ನೋಡಿದೆ. ಬೂದು ಆಕಾಶ, ಕೆರಳಿದ ಸಮುದ್ರ, ಒದ್ದೆ ಮರಳು. ಎಡ ಮೂಲೆಯಲ್ಲಿ ನೀಲಿ ಟಾರ್ಪಾಲು ಬಿಗಿದ ಒಂದು ಗಿಡ್ಡ ಚಪ್ಪರ. ಕೆಳಗೆ, ಮೊಬೈಲು ತಾನಾಗಿಯೇ ಒತ್ತುವ ಕಪ್ಪು ಪಟ್ಟಿಯಲ್ಲಿ ಸ್ಥಳ ಮತ್ತು ತಾರೀಕು. ಜುಲೈ ತಿಂಗಳ ಕೊನೆ. ನಮ್ಮ ಕಡೆಯ ಲೆಕ್ಕದಲ್ಲಿ ಆಟಿ, ಜಡಿಮಳೆಯ ತಿಂಗಳು.

ಆ ಚಪ್ಪರ ನನಗೆ ಗೊತ್ತು. ಅದರ ನೆರಳಿನಲ್ಲಿ ಕೂತು, ಕೋಲು ಹಿಡಿದು, ಕಾಗೆ ಓಡಿಸುತ್ತ ನನ್ನ ಎಷ್ಟೋ ಬೇಸಿಗೆ ರಜೆಗಳು ಹೋಗಿವೆ. ಅದು ಖಾಲಿ ಜಾಗ ಅಲ್ಲ. ಅದು ಮೀನು ಒಣಗಿಸುವ ಅಂಗಳ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಬಿಸಿಲೂ ಇಲ್ಲ. ಆಗ ಹೆಂಗಸರು ಹಾಸುವ ಬಲೆ, ಚಾಪೆ, ಕಂಬ ಎಲ್ಲವನ್ನೂ ಸುತ್ತಿ ಆ ಚಪ್ಪರದೊಳಗೆ ತುಂಬಿ ಟಾರ್ಪಾಲು ಬಿಗಿಯುತ್ತಾರೆ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಮತ್ತೆ ಹಾಸುತ್ತಾರೆ. ಮೇ ಕೊನೆಯವರೆಗೆ ಅಲ್ಲಿ ನಡೆಯಲು ದಾರಿ ಇರುವುದಿಲ್ಲ. ನಮ್ಮ ಅಮ್ಮ ಮೊಣಕಾಲು ಕೈಕೊಡುವವರೆಗೆ ಅಲ್ಲೇ ಬೂತಾಯಿ ಮೀನು, ಸಿಗಡಿ ಒಣಗಿಸಿ ನನ್ನನ್ನು ಓದಿಸಿದಳು. ಈಗ ಅವಳೂ ನಾನೂ ಪರ್ಕಳದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ.

ಘಟಕದ ಮುಖ್ಯಸ್ಥರು, ನಮ್ಮ ಸಾಹೇಬರು, ಘಟ್ಟದ ಮೇಲಿನವರು. ಬಂದು ವರ್ಷವೂ ಆಗಿರಲಿಲ್ಲ. ಪಟ್ಟಿಯನ್ನು ನನ್ನ ಮೇಜಿಗೆ ತಂದು, "ನೀವು ಈ ಕಡೆಯವರು ತಾನೇ? ಅಚ್ಚಿಗೆ ಹೋಗುವ ಮೊದಲು ಒಂದು ಸಲ ಕಣ್ಣಾಡಿಸಿ. ತಪ್ಪಿದ್ದರೆ ಹೇಳಿ," ಎಂದರು.

ಇಷ್ಟು ಸರಿಯಾಗಿ ಕೇಳುವ ಅಧಿಕಾರಿ ಎಲ್ಲಿ ಸಿಗುತ್ತಾರೆ ಹೇಳಿ! ನಾನು ಎರಡು ನಿಮಿಷ ಪುಟ ತಿರುವಿದ ಹಾಗೆ ಮಾಡಿ, "ಸರಿ ಇದೆ ಸರ್," ಎಂದೆ.

ಯಾಕೆ ಹಾಗೆ ಹೇಳಿದೆ? ಅಚ್ಚಿನವರು ಅವಸರ ಮಾಡುತ್ತಿದ್ದರು, ನಿಜ. ನನ್ನ ಗುತ್ತಿಗೆ ನವೀಕರಣದ ಕಾಗದ ಸಾಹೇಬರ ಮೇಜಿನ ಮೇಲಿತ್ತು, ಅದೂ ನಿಜ. ಆದರೆ ಅಸಲು ಕಾರಣ ಅದೆರಡೂ ಅಲ್ಲ. ತಪ್ಪಿದೆ ಎಂದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಒಣಮೀನಿನ ಅಂಗಳದ ಹುಡುಗಿ ಎಂದು ನಾನು ಆ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಮ್ಮೆ ಅಟೆಂಡರು ಊಟದ ಡಬ್ಬಿಯಲ್ಲಿ ಒಣ ಸಿಗಡಿ ಚಟ್ನಿ ತಂದಿದ್ದಾಗ ಪಕ್ಕದ ಮೇಜಿನವಳು ಕಿಟಕಿ ತೆರೆದು, "ಇಶ್ಶಿ, ಎಂತ ವಾಸನೆ ಮಾರಾಯ್ತಿ," ಎಂದಿದ್ದಳು. ನಾನೂ ಅವಳ ಜೊತೆ ಮೂಗು ಮುಚ್ಚಿಕೊಂಡಿದ್ದೆ. ಊರು ಕಾಪು ಎಂದರೆ ಅಲ್ಲಿ ಬಂಗಲೆ ಇದೆ ಎಂದು ಅವರು ತಿಳಿದುಕೊಂಡರೆ ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದವಳು ನಾನು.

ಆಮೇಲಿನದ್ದು ಇನ್ನೂ ಕೆಟ್ಟದ್ದು. ಕರಪತ್ರದ ವಿನ್ಯಾಸ ಮಾಡುವಾಗ ಫೋಟೋ ಚೌಕಟ್ಟಿಗೆ ಕೂರಲಿಲ್ಲ. ಕೆಳಗಿನಿಂದ ಕಪ್ಪು ಪಟ್ಟಿ ಕತ್ತರಿಸಿದೆ. ಎಡದಿಂದ ಚಪ್ಪರ ಕತ್ತರಿಸಿದೆ. ಉಳಿದದ್ದು ಮರಳು, ಸಮುದ್ರ. ಕತ್ತರಿಸು ಎಂದು ಯಾರೂ ಹೇಳಿರಲಿಲ್ಲ. "ಖಾಲಿ" ಎಂಬುದು ಒರಟಾಗಿ ಕಂಡದ್ದರಿಂದ ಮೇಲಿನ ವಾಕ್ಯ ಬರೆದೆ. "ಸದ್ಯ" ಎಂದು ಸೇರಿಸಿದರೆ ಪೂರಾ ಸುಳ್ಳಾಗುವುದಿಲ್ಲ ಎಂಬ ಬುದ್ಧಿವಂತಿಕೆ ಬೇರೆ. ಸಾಹೇಬರು ಓದಿ, "ನಿಮ್ಮ ಕನ್ನಡ ಅಚ್ಚುಕಟ್ಟಾಗಿದೆ ರೀ," ಎಂದರು. ನಾನು ನಕ್ಕೆ.

ಮಳೆಗಾಲ ಕಳೆದು ತಿಂಗಳುಗಳಾದ ಮೇಲೆ ಕರಡು ಯೋಜನೆ ಪ್ರಕಟವಾಯಿತು. ಪಂಚಾಯತಿನ ಫಲಕಕ್ಕೆ ಒಂದು ಪ್ರತಿ, ಪತ್ರಿಕೆಗಳಿಗೆ ಪ್ರಕಟಣೆ, ಮನೆಮನೆಗೆ ಕರಪತ್ರ. ಆಕ್ಷೇಪಣೆಗೆ ಕಾಲಾವಕಾಶ, ಅದರ ನಡುವೆ ಒಂದು ಸಾರ್ವಜನಿಕ ಸಭೆ. ಎಲ್ಲವೂ ನಿಯಮದ ಪ್ರಕಾರ ನಡೆಯಿತು. ಕಾಗದದಲ್ಲಿ ನಮ್ಮ ಮೇಲೆ ಬೆರಳು ತೋರಿಸಲು ಒಂದು ಕಡೆಯೂ ಜಾಗವಿರಲಿಲ್ಲ.

ಸಭೆಯ ದಿನ ಪಂಚಾಯತ್ ಸಭಾಂಗಣ ತುಂಬಿತ್ತು. ಹಿಂದಿನ ಎರಡು ಸಾಲು ಒಣಮೀನಿನ ಹೆಂಗಸರು. ಕೆಲಸದಿಂದ ನೇರ ಬಂದಿದ್ದರು, ಸೆರಗಿಗೆ ಉಪ್ಪು ಹತ್ತಿತ್ತು. ನಾನು ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿ ಕೂತೆ. ಸಾಹೇಬರು ಪರದೆಯ ಮೇಲೆ ಚಿತ್ರ ತೋರಿಸುತ್ತ ಹೋದರು. ಮೂರನೇ ಫೋಟೋ ಬಂದಾಗ ಹಿಂದಿನಿಂದ ಕುರ್ಚಿ ಸರಿದ ಸದ್ದು. ಎದ್ದವಳು ಹೆಂಗಸರ ಗುಂಪಿನ ಮುಖ್ಯಸ್ಥೆ. ಅಮ್ಮನಿಗಿಂತ ಸ್ವಲ್ಪ ಕಿರಿಯಳು, ಅಮ್ಮನ ಪಕ್ಕದ ಚಾಪೆಯವಳು. ನಾವು ಮಕ್ಕಳು ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದೆವು.

"ಅದು ಖಾಲಿ ಅಂತ ಯಾರು ಬರೆದದ್ದು ಮಾರಾಯ್ರೆ? ಈಗ ಹೋಗಿ ನೋಡಿ, ಕಾಲು ಇಡ್ಲಿಕ್ಕೆ ಜಾಗ ಉಂಟಾ ಅಂತ."

ಸಾಹೇಬರು ನನ್ನ ಕಡೆ ತಿರುಗಿ, "ಮೇಡಂ, ವಿವರ ಕೊಡಿ," ಎಂದರು.

ನಾನು ಎದ್ದು ಮೈಕಿನಲ್ಲಿ ಹೇಳಿದೆ: "ಸಮೀಕ್ಷೆಯ ಸಂದರ್ಭದಲ್ಲಿ ಕಂಡುಬಂದ ಸ್ಥಿತಿಯನ್ನು ದಾಖಲಿಸಲಾಗಿದೆ." ಯಾರಿಗೆ ಕಂಡುಬಂತು, ಯಾರು ದಾಖಲಿಸಿದರು, ಯಾವುದೂ ಆ ವಾಕ್ಯದಲ್ಲಿ ಇಲ್ಲ. ಇಂಥ ವಾಕ್ಯ ಕಟ್ಟುವುದರಲ್ಲಿ ನಾನು ಹುಷಾರು.

"ಫೋಟೋ ಯಾವಾಗ ತೆಗೆದದ್ದು?"

"ಇತ್ತೀಚೆಗೆ," ಎಂದೆ.

ದೊಡ್ಡಕ್ಕ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. "ಅಯ್ಯೋ, ನೀನಾ? ನಮ್ಮ ಅಕ್ಕನ ಮಗಳಲ್ವಾ ನೀನು? ಪರ್ಕಳದಲ್ಲಿ ಇರುವುದಲ್ವಾ ಈಗ?" ಎಂದಳು. ನಾನು ತಲೆ ಆಡಿಸಿದೆ. ಅವಳು ಹಿಂದೆ ತಿರುಗಿ, ಇಡೀ ಸಭೆಗೆ ಕೇಳುವ ಹಾಗೆ ಹೇಳಿದಳು: "ನಮ್ಮ ಪೊಣ್ಣೇ, ನಮ್ಮ ಹುಡುಗಿಯೇ ಉಂಟು ಆಫೀಸಿನಲ್ಲಿ. ಇದೇ ಮರಳಲ್ಲಿ ಕಾಗೆ ಓಡಿಸಿದವಳು. ಅವಳಿಗೆ ಎಲ್ಲ ಗೊತ್ತುಂಟು. ಇನ್ನು ಎಂತ ಹೆದರಿಕೆ? ಅವಳು ಸರಿ ಮಾಡ್ತಾಳೆ. ಕೂತ್ಕೊಳ್ಳಿ ಎಲ್ಲ."

ಹೆಂಗಸರು ಕೂತರು. ಒಬ್ಬಳು ನನ್ನನ್ನು ನೋಡಿ ಕೈ ಬೀಸಿದಳು ಕೂಡ. ಪಕ್ಕದ ಮೇಜಿನವಳು, ಆ ಕಿಟಕಿ ತೆರೆದವಳು, ಹಾಜರಿ ಪುಸ್ತಕದಿಂದ ತಲೆ ಎತ್ತಿ ನನ್ನನ್ನು ನೋಡಿದಳು.

ಸಭೆ ಮುಗಿಸುವಾಗ ಒಂದು ಸೂಚನೆ ಓದುವುದು ನನ್ನ ಕೆಲಸ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಇಲ್ಲ, ಆಕ್ಷೇಪಣೆ ಬರಹದಲ್ಲಿ, ಸಹಿ ಹಾಕಿ, ಕೊನೆಯ ದಿನದೊಳಗೆ ಕಚೇರಿಗೆ ತಲುಪಬೇಕು ಎಂಬ ಸೂಚನೆ. ಖಾಲಿ ನಮೂನೆಗಳ ಕಟ್ಟು ಬಾಗಿಲ ಬಳಿ ಮೇಜಿನ ಮೇಲಿತ್ತು. ನಾನು ಓದಲಿಲ್ಲ. ಮರೆತೆ ಎಂದು ಹೇಳಬಹುದು, ಆದರೆ ಮರೆತಿರಲಿಲ್ಲ. ಮತ್ತೆ ಮೈಕು ಹಿಡಿದು ಆ ಮುಖಗಳ ಎದುರು ನಿಲ್ಲಲು ಆಗಲಿಲ್ಲ, ಓಡಿಹೋದರೆ ಸಾಕಿತ್ತು. ನಮೂನೆಯ ಕಟ್ಟನ್ನು ದಾರ ಬಿಚ್ಚದೆಯೇ ಜೀಪಿಗೆ ಹಾಕಿದೆ.

ಮರುದಿನ ನಡಾವಳಿ ಬರೆದೆ. "ಸ್ಥಳೀಯ ಮಹಿಳೆಯರು ಜಾಗದ ಕುರಿತು ವಿವರಣೆ ಕೋರಿದರು. ಸೂಕ್ತ ವಿವರಣೆ ನೀಡಲಾಯಿತು." ಆಕ್ಷೇಪಣೆ ದಾಖಲಿಸುವ ಪುಸ್ತಕವೂ ನನ್ನ ಬಳಿಯೇ ಇತ್ತು. ಅದರಲ್ಲಿ ಕುಡಿಯುವ ನೀರಿನ ಬಗ್ಗೆ ಒಂದು ಅರ್ಜಿ, ಬೀದಿದೀಪದ ಬಗ್ಗೆ ಒಂದು. ಅಂಗಳದ ಬಗ್ಗೆ ಏನೂ ಇರಲಿಲ್ಲ. ದಿನ ಕಳೆಯುತ್ತ ಬಂತು. ಪ್ರತಿ ದಿನ ಬೆಳಿಗ್ಗೆ, ಇವತ್ತು ದೊಡ್ಡಕ್ಕನಿಗೆ ಫೋನು ಮಾಡಿ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಸಂಜೆ ಬಸ್ಸಿನಲ್ಲಿ, ನಾಳೆ ಖಂಡಿತ ಎಂದುಕೊಳ್ಳುತ್ತಿದ್ದೆ. ಫೋನು ಮಾಡಿದರೆ ಹೇಳಿಕೊಟ್ಟವಳು ನಾನು ಎಂದು ಕಚೇರಿಗೆ ತಿಳಿದೀತು ಎಂಬ ಭಯ. ಥೂ, ಎಂಥ ಭಯ ಅದು!

ಕೊನೆಯ ದಿನಕ್ಕೆ ಒಂದು ದಿನ ಇದ್ದಾಗ, ಸಂಜೆ ಮನೆಗೆ ಬಂದರೆ ಅಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕರಪತ್ರ ಓದುತ್ತಿದ್ದಳು. ನನ್ನ ಚೀಲ ಒಗೆಯಲು ತೆಗೆದಾಗ ಸಿಕ್ಕಿತಂತೆ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಬೆರಳು ಮೂರನೇ ಫೋಟೋದ ಮೇಲಿತ್ತು.

"ಇದು ಆಟಿಯಲ್ಲಿ ತೆಗೆದದ್ದು," ಎಂದಳು.

"ನಿನಗೆ ಹೇಗೆ ಗೊತ್ತು?"

"ಮರಳು ನೋಡು, ಎಷ್ಟು ಕಪ್ಪಾಗಿದೆ. ಅಲೆ ಎಲ್ಲಿವರೆಗೆ ಬಂದಿದೆ ನೋಡು. ಈ ಬದಿಯಲ್ಲಿ ನಮ್ಮ ಚಪ್ಪರ ಉಂಟಲ್ಲ, ಅದೆಲ್ಲಿ ಹೋಯ್ತು?"

ನಾನು ನೀರು ಕುಡಿಯಲು ಲೋಟ ತೆಗೆದುಕೊಂಡೆ.

"ಇದು ಬರೆದದ್ದು ಯಾರು?"

"ಆಫೀಸಿನವರು."

"ನೀನು ಆಫೀಸಿನವಳು ಅಲ್ವಾ?"

ಲೋಟ ಕೈಯಲ್ಲೇ ಇತ್ತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಕತ್ತರಿಸಿದ್ದು, ಓದದೆ ಬಿಟ್ಟ ಸೂಚನೆ, ನಾಳೆಯೇ ಕೊನೆಯ ದಿನ ಎಂಬುದು. ಮೂಗು ಮುಚ್ಚಿಕೊಂಡದ್ದನ್ನು ಮಾತ್ರ ಹೇಳಲಿಲ್ಲ. ಅವಳಿಗೆ ಅದು ಹೇಗೋ ಗೊತ್ತಾಯಿತು ಎಂದು ನನಗೆ ಅನಿಸಿತು, ಏಕೆಂದರೆ ಯಾಕೆ ಹೀಗೆ ಮಾಡಿದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ದೊಡ್ಡಕ್ಕನಿಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಅವತ್ತು ಕಾರ್ಕಳದ ಸಂತೆ. ಸಂತೆಯ ದಿನ ಆ ಹೆಂಗಸರು ಬೆಳಕು ಹರಿಯುವ ಮೊದಲೇ ಒಣಮೀನಿನ ಚೀಲ ಟೆಂಪೋಗೆ ಹೇರಿ ಹೋಗುತ್ತಾರೆ, ಮರಳುವುದು ಸಂಜೆ ಕಚೇರಿ ಮುಚ್ಚಿದ ಮೇಲೆ. ಸಂತೆಯ ಗದ್ದಲದಲ್ಲಿ ಫೋನು ಎತ್ತುವವರು ಯಾರು? ಇಷ್ಟು ದಿನ ಬಿಟ್ಟು, ಅವರು ಊರಲ್ಲೇ ಇಲ್ಲದ ದಿನ ನನಗೆ ಧೈರ್ಯ ಬಂದಿತ್ತು.

ಫೋನು ಕೆಳಗಿಟ್ಟು ತಿರುಗಿದರೆ ಅಮ್ಮ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು. "ಕಾಗದ ತಕ್ಕೊ. ನಾನು ಹೇಳ್ತೇನೆ, ನೀನು ಬರಿ. ನಿನ್ನ ಆಫೀಸಿನ ಕನ್ನಡ ಬೇಡ. ನಾನು ಹೇಳಿದ ಹಾಗೆಯೇ ಬರಿ."

ಅವಳು ಹೇಳಿದ ಹಾಗೆಯೇ ಬರೆದೆ. "ಇದು ಖಾಲಿ ಜಾಗ ಅಲ್ಲ. ನಾನು ಇಲ್ಲಿ ಮದುವೆಯಾಗಿ ಬಂದ ವರ್ಷದಿಂದ ಮೀನು ಒಣಗಿಸಿದ್ದೇನೆ. ಈಗ ಹದಿನೇಳು ಜನ ಒಣಗಿಸ್ತಾರೆ. ಮಳೆಗಾಲದಲ್ಲಿ ಚಾಪೆ ಸುತ್ತಿ ಚಪ್ಪರದಲ್ಲಿ ಇಡ್ತೇವೆ. ನೀವು ಫೋಟೋ ತೆಗೆದದ್ದು ಆಟಿಯಲ್ಲಿ. ಆಟಿಯಲ್ಲಿ ಬಂದು ನೋಡಿದರೆ ಕಡಲಲ್ಲಿ ಒಂದು ದೋಣಿಯೂ ಇಲ್ಲ. ಹಾಗಂತ ಕಡಲೂ ಖಾಲಿ ಅಂತ ಬರೀತೀರಾ?"

ಕೆಳಗೆ ಸಹಿ ಹಾಕಿದಳು. ನಾನು ಬರೆದುಕೊಡಲು ಮಾತ್ರ ಧೈರ್ಯ ಮಾಡಿದವಳು, ನನ್ನ ಹೆಸರು ಎಲ್ಲೂ ಇರಲಿಲ್ಲ.

ಒಂದೇ ಬಸ್ಸಿನಲ್ಲಿ ಹೋಗುವುದು ಬೇಡ ಎಂದು ಅವಳೇ ಹೇಳಿದಳು. ನಾನು ಮೊದಲು ಹೋಗಿ ನನ್ನ ಮೇಜಿನಲ್ಲಿ ಕೂತೆ. ಹನ್ನೊಂದು ಗಂಟೆಗೆ ಅಮ್ಮ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು, ಒಂದು ಕೈ ಮೊಣಕಾಲ ಮೇಲೆ. ನನ್ನ ಮೇಜಿನ ಎದುರು ನಿಂತು, ಪರಿಚಯವೇ ಇಲ್ಲದವಳ ಹಾಗೆ, ಎರಡೂ ಕೈಯಲ್ಲಿ ಕಾಗದ ಚಾಚಿ ಹೇಳಿದಳು: "ಇದು ತಕ್ಕೊಳ್ಳಿ ಮೇಡಂ."

ನನ್ನನ್ನು ಹೆತ್ತವಳು ನನ್ನನ್ನು ಮೇಡಂ ಎಂದಳು. ನನ್ನ ಕೆಲಸ ಹೋಗಬಾರದು ಎಂದು. ಪಕ್ಕದ ಮೇಜಿನವಳು ನೋಡುತ್ತಿದ್ದಳು. ನನ್ನ ಜೀವಮಾನದಲ್ಲಿ ಅಂಥ ನಾಚಿಕೆ ಆದದ್ದಿಲ್ಲ, ಭೂಮಿ ಬಾಯಿಬಿಡಬಾರದೇ ಎನಿಸಿತು. ಎದ್ದು ನನ್ನ ಕುರ್ಚಿ ಎಳೆದು, "ಅಮ್ಮ, ಕೂತ್ಕೋ," ಎಂದೆ. ಆಮೇಲೆ ಪಕ್ಕದವಳ ಕಡೆ ತಿರುಗಿ, "ಇವರು ನನ್ನ ಅಮ್ಮ. ಆ ಅಂಗಳದಲ್ಲಿ ಮೀನು ಒಣಗಿಸ್ತಿದ್ರು," ಎಂದೆ. ಅವಳು, "ಸಭೆಯಲ್ಲಿ ಆ ಹೆಂಗಸು ಹೇಳುವಾಗಲೇ ಅಂದ್ಕೊಂಡೆ. ನೀನು ಹೇಳಲೇ ಇಲ್ಲ," ಎಂದು ಅಮ್ಮನಿಗೆ ನೀರು ತಂದುಕೊಟ್ಟಳು. ಅಷ್ಟೇ. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕೆ.

ಅರ್ಜಿಗೆ ಮೊಹರು ಹಾಕಿ, ಪುಸ್ತಕದಲ್ಲಿ ಸಂಖ್ಯೆ ಬರೆದೆ. ಮೂಲ ಫೋಟೋ ಹುಡುಕಿ, ಚಪ್ಪರ ಮತ್ತು ಕಪ್ಪು ಪಟ್ಟಿ ಎರಡೂ ಇರುವ ಹಾಗೆ ಮುದ್ರಿಸಿ ಲಗತ್ತಿಸಿದೆ. ನಡಾವಳಿಯ ನನ್ನ ಎರಡು ವಾಕ್ಯ ತಪ್ಪು, ಸಭೆಯಲ್ಲಿ ನಡೆದದ್ದು ಇದು, ಫೋಟೋ ಕತ್ತರಿಸಿದವಳು ನಾನು, ಸೂಚನೆ ಓದದೆ ಬಿಟ್ಟವಳೂ ನಾನು ಎಂದು ಇನ್ನೊಂದು ಹಾಳೆಯಲ್ಲಿ ಬರೆದು ಹೆಸರು, ಸಹಿ ಹಾಕಿದೆ. ಮೂರನ್ನೂ ಸಾಹೇಬರ ಮುಂದಿಟ್ಟೆ.

ಅವರು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ನಿಮ್ಮನ್ನು ಕೇಳಿದ್ದೆನಲ್ಲಾ?"

"ಹೌದು ಸರ್."

"ಆ ಹೆಂಗಸು ಸಭೆಯಲ್ಲಿ ಹೇಳಿದ ಹಾಗೆ, ಆಗಲೇ ಗೊತ್ತಿತ್ತೇ?"

"ಗೊತ್ತಿತ್ತು ಸರ್."

"ಗೊತ್ತಿಲ್ಲದವನು ಗೊತ್ತಿದ್ದವರನ್ನು ಕೇಳಬೇಕು ಅಂತ ಕೇಳಿದೆ. ಇನ್ನು ಯಾರನ್ನು ಕೇಳಲಿ ಹೇಳಿ." ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ನನಗೆ ಒಂದು ಲಿಖಿತ ಎಚ್ಚರಿಕೆ ಬಂತು, ನವೀಕರಣ ಮೂರು ತಿಂಗಳಿಗೆ ಮಾತ್ರ ಆಯಿತು. ಅದು ಅನ್ಯಾಯ ಎಂದು ನಾನು ಹೇಳಲಾರೆ.

ಅರ್ಜಿ ಒಂದೇ ಆದರೂ ಅವರು ಸ್ಥಳ ಪರಿಶೀಲನೆ ಇಟ್ಟರು. ನೆತ್ತಿ ಸುಡುವ ಬಿಸಿಲಿನಲ್ಲಿ, ಬೂಟು ಮರಳಲ್ಲಿ ಹೂತು, ಹಾಸಿದ ಬಲೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆದರು. ದೊಡ್ಡಕ್ಕ ಹಿಂದಿನಿಂದ, "ಖಾಲಿ ಉಂಟಲ್ಲ ಸರ್, ಆರಾಮಲ್ಲಿ ನಡೀರಿ," ಎಂದು ಕಿಚಾಯಿಸಿದಳು. ಹೆಂಗಸರೆಲ್ಲ ನಕ್ಕರು, ಸಾಹೇಬರೂ ನಕ್ಕರು. ನಾನು ಫೋಟೋ ತೆಗೆದೆ, ಈ ಸಲ ತಾರೀಕಿನ ಪಟ್ಟಿ ಸಮೇತ. ಪರಿಷ್ಕೃತ ನಕ್ಷೆಯಲ್ಲಿ ವಾಹನ ನಿಲುಗಡೆ ರಸ್ತೆಯ ಆಚೆ ಬದಿಗೆ ಹೋಯಿತು. ಅಂಗಳದ ಮೇಲೆ "ಮೀನು ಒಣಗಿಸುವ ಜಾಗ" ಎಂದು ಮೊದಲ ಸಲ ಸರ್ಕಾರಿ ಕಾಗದದಲ್ಲಿ ಅಚ್ಚಾಯಿತು.

ಪತ್ರಿಕಾ ಪ್ರಕಟಣೆ ಬರೆಯಬೇಕಾದವಳು ಮತ್ತೆ ನಾನೇ. "ಸಾರ್ವಜನಿಕರ ಆಕ್ಷೇಪಣೆಗೆ ಘಟಕದ ಸ್ಪಂದನೆ" ಎಂಬ ತಲೆಬರಹಕ್ಕೆ ಸಾಹೇಬರು ಒಪ್ಪಿದರು. ಮರುದಿನ ಪತ್ರಿಕೆಯಲ್ಲಿ ಅದು ಹಾಗೆಯೇ ಬಂತು. ಓದಿದವರಿಗೆ ನಾವು ಬಹಳ ಕಿವಿಗೊಡುವ ಜನ ಎಂದೇ ಕಂಡಿರಬೇಕು. ನನಗೆ ಆ ಪುಟವನ್ನು ಪೂರ್ತಿ ಓದಲು ಆಗಲಿಲ್ಲ.

ಒಂದು ವಾರದ ಮೇಲೆ ದೊಡ್ಡಕ್ಕ ಕಚೇರಿಗೇ ಬಂದಳು. ಹಳೆ ಪತ್ರಿಕೆಯಲ್ಲಿ ಸುತ್ತಿದ ಒಣ ಸಿಗಡಿಯ ದೊಡ್ಡ ಪೊಟ್ಟಣ ಮೇಜಿನ ಮೇಲಿಟ್ಟು, "ಮನೆಗೆ ಕೊಂಡ್ಹೋಗು," ಎಂದಷ್ಟೇ ಹೇಳಿ ಹೋದಳು. ಸಂಜೆ ಅಮ್ಮ ಪೊಟ್ಟಣ ನೋಡಿ, "ಬರೆದದ್ದು ನೀನು ಅಂತ ಅವಳಿಗೆ ಹೇಳಿದ್ದೀಯಾ?" ಎಂದಳು. ಇಲ್ಲ ಎಂದೆ. ಅಮ್ಮ ಪೊಟ್ಟಣ ಬಿಚ್ಚಲಿಲ್ಲ.

ಭಾನುವಾರ ಪೊಟ್ಟಣ ಹಿಡಿದುಕೊಂಡು ಕಾಪುವಿಗೆ ಹೋದೆ. ದೊಡ್ಡಕ್ಕ ಬಲೆಯ ಮೇಲೆ ಬಂಗುಡೆ ತಿರುವಿ ಹಾಕುತ್ತಿದ್ದಳು. ನಾನು ನಿಂತಲ್ಲೇ ಹೇಳಿದೆ: "ದೊಡ್ಡಕ್ಕ, ಆ ಫೋಟೋದ ಕೆಳಗೆ ಬರೆದದ್ದು ನಾನು. ಚಪ್ಪರ ಕತ್ತರಿಸಿದ್ದೂ ನಾನೇ."

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು."

"ಯಾರು ಹೇಳಿದ್ದು? ಅಮ್ಮನಾ?"

"ಯಾರೂ ಹೇಳಲಿಲ್ಲ. ಸಭೆಯಲ್ಲಿ ಇತ್ತೀಚೆಗೆ ಅಂದೆಯಲ್ಲ, ಆವಾಗ ನಿನ್ನ ಮುಖ ನೋಡಿದೆ. ಸಣ್ಣವಳಿರುವಾಗ ಕಾಗೆ ಮೀನು ಕೊಂಡ್ಹೋದರೆ ಇಲ್ಲ ಅಂತಿದ್ದೆ, ಅದೇ ಮುಖ." ಇನ್ನೊಂದು ಬಂಗುಡೆ ತಿರುವಿದಳು. "ಅದಕ್ಕೇ ಅಷ್ಟು ಜೋರಾಗಿ ಹೇಳಿದ್ದು, ನಮ್ಮ ಪೊಣ್ಣು ಉಂಟು ಅಂತ. ಎಲ್ಲರ ಮುಂದೆ ಹೇಳಿದರೆ ನಿನಗೆ ಸ್ವಲ್ಪ ನಾಚಿಕೆ ಆದೀತು ಅಂತ ಇದ್ದೆ. ಕಾಗದದಲ್ಲಿ ಬರೆದು ಕೊಡಬೇಕು ಅಂತ ನಮಗೆ ಎಲ್ಲಿ ಗೊತ್ತು? ಅದಾದರೂ ನೀನು ಹೇಳ್ತಿ ಅಂತ ಇದ್ದೆ."

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ಪೊಟ್ಟಣ ಮುಂದೆ ಚಾಚಿ, "ಇದು ನಾನು ತಕ್ಕೊಳ್ಳುವ ಹಾಗಿಲ್ಲ ದೊಡ್ಡಕ್ಕ," ಎಂದೆ.

ಅವಳು ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತು ನನ್ನನ್ನು ನೋಡಿದಳು. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ಅದು ನಿನಗೆ ಕೊಟ್ಟದ್ದು ಅಂತ ಯಾರು ಹೇಳಿದ್ದು? ಅದು ನಿನ್ನ ಅಮ್ಮನಿಗೆ, ಕಾಗದಕ್ಕೆ ಸಹಿ ಹಾಕಿದವಳಿಗೆ. ಕೊಂಡ್ಹೋಗಿ ಕೊಡು."

ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಪರ್ಕಳಕ್ಕೆ ಇನ್ನೊಂದು. ಎರಡರಲ್ಲೂ ಪೊಟ್ಟಣವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ.